ಬ್ರೆಡ್ ವ್ಯಾನಿನ ಒಲೆ

ಇಪ್ಪತ್ತಾರು ವರ್ಷ ನಾನು ಬೇರೆ ಊರಿನ ಬ್ರೆಡ್ಡನ್ನು ನಮ್ಮೂರಿಗೆ ತಂದು ಹಾಕಿದೆ. ನಮ್ಮೂರಿನಲ್ಲಿ ಬೇಕರಿ ಇಲ್ಲ. ಇಟ್ಟಿಗೆಯಲ್ಲಿ ಭಟ್ಟಿ ಕಟ್ಟಿದರೆ ಒಂದು ದಿನ ಉರಿಯುತ್ತದೆ, ಮರುದಿನ ಉರಿಯುವುದಿಲ್ಲ. ಒಂದು ದಿನ ಬೆಂಕಿ ಉರಿದ ಜಾಗದಲ್ಲಿ ಅಮಾವಾಸ್ಯೆ ಕಳೆಯುವವರೆಗೆ ಮತ್ತೆ ಒಲೆ ಹತ್ತುವುದಿಲ್ಲ. ಕಡ್ಡಿ ಗೀರಿ ಸೌದೆಗೆ ಮುಟ್ಟಿಸಿದರೆ ಕಡ್ಡಿಯೂ ಆರುತ್ತದೆ. ಗ್ಯಾಸಿನ ಒಲೆ ಬಂದ ಮೇಲೂ ಅಷ್ಟೇ, ಸುಯ್ಯೆಂದು ಸದ್ದಾಗುತ್ತದೆ, ಉರಿ ಬರುವುದಿಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿ ಅಡುಗೆಮನೆ ಎಂಬ ಕೋಣೆಯೇ ಇಲ್ಲ. ಇವತ್ತು ನಡುಮನೆಯಲ್ಲಿ ಬೇಯಿಸಿದರೆ ನಾಳೆ ಜಗಲಿ, ನಾಡಿದ್ದು ಹಿತ್ತಿಲು, ಮನೆಯ ಜಾಗಗಳು ಮುಗಿದ ಮೇಲೆ ಬೀದಿ, ಬಯಲು. ಒಂದು ಜಾಗಕ್ಕೂ ಇನ್ನೊಂದಕ್ಕೂ ನಡುವೆ ಏಳು ಹೆಜ್ಜೆ ಬಿಡಬೇಕು ಎಂಬುದು ಹಿರಿಯರ ಕಾಲದ ಲೆಕ್ಕ. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಮೊದಲು ಕೇಳುವುದು, ಒಲೆ ಜಾಗ ಎಷ್ಟಿವೆ ಎಂದು. ನಮ್ಮ ಮನೆಯಲ್ಲಿ ಹನ್ನೊಂದು ಇವೆ ಎಂದು ನಮ್ಮಪ್ಪ ಹೇಳಿದ್ದ. ಇದ್ದದ್ದು ಒಂಬತ್ತು. ಹಾಲಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

ಹಾಲಮ್ಮ ನನ್ನ ಹೆಂಡತಿ. ಮೂವತ್ತೊಂದು ವರ್ಷದಿಂದ ಕಾಳಿನ ಮಂಡಿಯ ಬಯಲಿನಲ್ಲಿ ಹಮಾಲರಿಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಮಾಡಿ ಬಡಿಸುತ್ತಾಳೆ. ಅವಳ ಒಲೆ ಎರಡು ಬಾಯಿಯದು, ದಪ್ಪ ತಗಡಿನದು, ಒಳಗೆ ಮಣ್ಣು ಮೆತ್ತಿದ್ದು. ಬಯಲಿನಲ್ಲಿ ಅವಳಂತೆ ಒಲೆ ಹೂಡುವವರು ಇಪ್ಪತ್ತು ಜನ. ಯಾರು ಹೊತ್ತಿಸಿದರೂ ಆ ಜಾಗ ಎಲ್ಲರ ಪಾಲಿಗೂ ಹೋದಂತೆ. ಪಾಡ್ಯದ ದಿನ ಗೋದಾಮಿನ ಬಾಗಿಲಲ್ಲೇ ರೊಟ್ಟಿ ಬಡಿಯುವ ಹೆಂಗಸರು ತಿಂಗಳ ಕೊನೆಗೆ ಅಕ್ಕಿ ಗಿರಣಿ ದಾಟಿ ಕೆರೆ ಏರಿಯ ಮೇಲಿರುತ್ತಾರೆ. ಒಲೆಯನ್ನು ತಳ್ಳುಗಾಡಿಯಲ್ಲಿ ಒಯ್ಯುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಯಾರು ಹೊತ್ತಿಸುತ್ತಾರೋ ಅವರೇ ಮೈಮೇಲೆ ಹೊತ್ತು ತರಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬೇರೆ ರೀತಿ ಮಾಡಿ ನೋಡಿದವರನ್ನು ನಾನು ಕಂಡಿಲ್ಲ. ಒಲೆ ಹತ್ತದ ಮನೆಯವರು ಅವತ್ತು ಬೀದಿಯಲ್ಲಿ ಕೇಳಿ ಉಣ್ಣಬೇಕು. ಮಂಡಿಯಲ್ಲಿ ಒಲೆ ಕೈಕೊಟ್ಟರೆ ಅಮಾವಾಸ್ಯೆವರೆಗೆ ಹಮಾಲರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಿರುವಾಗ ಪರೀಕ್ಷೆ ಮಾಡಲು ಯಾರು ಹೋಗುತ್ತಾರೆ?

ಹೋದ ವರ್ಷ ಹಾಲಮ್ಮನ ಸೊಂಟ ಕೆಟ್ಟಿತು. ಎಡಗಡೆ, ಒಲೆ ಕೂರಿಸಿಕೊಳ್ಳುವ ಕಡೆಯೇ. ಕೂತರೆ ಏಳಲು ಎರಡು ಸಲ ಪ್ರಯತ್ನಿಸಬೇಕು. ಇನ್ನೊಂದು ಮಳೆಗಾಲ ಹೀಗೇ ಹೊತ್ತರೆ ಆಮೇಲೆ ಕೋಲು ಹಿಡಿದೂ ನಡೆಯುವುದಕ್ಕೆ ಆಗುವುದಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡು ಹೇಳಿದರು. ಹಾಲಮ್ಮ ಸೆರಗು ಸರಿಮಾಡಿಕೊಳ್ಳುತ್ತ, “ಹೊರ್ದೆ ಏನ್ ಮಾಡ್ಲಿ ಡಾಕ್ಟ್ರೇ? ಒಲೆ ತಾನಾಗೇ ನಡ್ಕೊಂಡ್ ಬರುತ್ತಾ?” ಎಂದಳು. ಡಾಕ್ಟರು ನಕ್ಕರು. ನಾನು ನಗಲಿಲ್ಲ. ದಾರಿಯುದ್ದಕ್ಕೂ ಅವಳು ನನ್ನ ಹೆಗಲು ಹಿಡಿದು ನಿಧಾನವಾಗಿ ಬರುತ್ತಿದ್ದಳು, ನಾನು ಅವಳ ಆ ಮಾತನ್ನೇ ಯೋಚಿಸುತ್ತಿದ್ದೆ.

ನಾನು ಓಡಿಸುತ್ತಿದ್ದ ವ್ಯಾನು ಬೂದನ್ ಸಾಬರ ಗ್ಯಾರೇಜಿನ ಹಿಂದೆ ನಾಲ್ಕು ವರ್ಷದಿಂದ ನಿಂತಿತ್ತು. ಬೇಕರಿಯವರು ಹೊಸದು ತಂದಾಗ ಹಳೆಯದನ್ನು ನನಗೇ ಬಿಟ್ಟಿದ್ದರು. ಟೈರುಗಳು ಕುಳಿತು ರಿಮ್ಮು ಮಣ್ಣಿಗೆ ಇಳಿದಿತ್ತು. ಬಾಗಿಲು ತೆಗೆದರೆ ಕೈಗೆ ತುಕ್ಕಿನ ಪುಡಿ. ಸೀಟಿನ ಒಳಗೆ ಇಲಿಗಳು ಎರಡು ತಲೆಮಾರು ಸಂಸಾರ ಮಾಡಿದ್ದವು, ವೈರಿಂಗನ್ನೆಲ್ಲ ತಿಂದು ಹಾಕಿದ್ದವು. ಬೂದನ್ ಸಾಬರು ನನಗಿಂತ ಐದು ವರ್ಷ ದೊಡ್ಡವರು. ಬಾನೆಟ್ ಎತ್ತಿ, ಬಹಳ ಹೊತ್ತು ನೋಡಿ, ಮತ್ತೆ ಇಳಿಸಿದರು.

“ಓಬಣ್ಣ, ಇದನ್ನ ರಿಪೇರಿ ಮಾಡೋದು ಬೇಡ. ಮಣ್ಣು ಮಾಡಿ ದುವಾ ಮಾಡೋಣ.”

“ಓಡೋದು ಬೇಡ ಸಾಬ್ರೇ. ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ ಹೋದ್ರೆ ಸಾಕು.”

“ಅದಕ್ಕೇ ಅಲ್ವಾ ಓಡೋದು ಅನ್ನೋದು?” ಎಂದರು. ಆದರೂ ಮರುದಿನ ಬೆಳಿಗ್ಗೆ ಜಾಕ್ ತಂದು ಕೆಳಗೆ ಕೊಟ್ಟಿದ್ದರು.

ಏಳು ತಿಂಗಳು ಹಿಡಿಯಿತು. ಇಂಜಿನ್ನು ಹಿಡಿದುಕೊಂಡಿತ್ತು. ಪಿಸ್ಟನ್ನಿನ ಮೇಲೆ ಡೀಸೆಲ್ ಸುರಿದು ಎರಡು ವಾರ ನೆನೆಸಿ, ಮರದ ತುಂಡಿಟ್ಟು ತಟ್ಟಿ ತಟ್ಟಿ ಬಿಡಿಸಿದೆವು. ಕ್ಲಚ್ ಪ್ಲೇಟು ಒಂದು ಕಡೆಯಿಂದ, ರೇಡಿಯೇಟರು ಇನ್ನೊಂದು ಕಡೆಯಿಂದ ಬಂದವು. ಬ್ರೆಡ್ಡಿನ ಟ್ರೇ ಇಡುವ ಕಂಬಿಗಳನ್ನು ನಾನೇ ಕೂತು ಕೊಯ್ದೆ. ನೆಲದ ಹಲಗೆ ಕಾಲಿಟ್ಟ ಕಡೆ ಮುರಿಯುತ್ತಿತ್ತು, ಅದನ್ನು ಕಿತ್ತು ಒಂಬತ್ತು ಅಡಿ ಉದ್ದಕ್ಕೂ ದಪ್ಪ ತಗಡು ಹಾಸಿದೆವು. ಎಡಗಡೆ ಗೋಡೆಯಲ್ಲಿ ಕಿಟಕಿ ಕತ್ತರಿಸಿ, ಕತ್ತರಿಸಿದ ತಗಡನ್ನೇ ಮೇಲಕ್ಕೆತ್ತುವ ಬಾಗಿಲು ಮಾಡಿದೆವು. ಹೊಗೆ ಹೋಗಲು ಚಾವಣಿಯಲ್ಲಿ ಕೊಳವೆ. ತುಕ್ಕು ಉಜ್ಜುವ ಕೆಲಸ ಮಾತ್ರ ಮುಗಿಯಲೇ ಇಲ್ಲ. ಒಂದು ಕಡೆ ಉಜ್ಜಿ ಕೆಂಪು ಬಳಿಯುವಷ್ಟರಲ್ಲಿ ಇನ್ನೊಂದು ಕಡೆ ತೂತು ಕಾಣುತ್ತಿತ್ತು. ಸಂಜೆ ನಾನೂ ಬೂದನ್ ಸಾಬರೂ ಗ್ಯಾರೇಜಿನ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಯಾರು ಮೊದಲು ಏಳಬೇಕು ಎಂಬುದಷ್ಟೇ ಉಳಿದಿರುತ್ತಿತ್ತು.

ಒಲೆ ಕೂರಿಸುವ ದಿನ ಹಾಲಮ್ಮ ಬಂದಳು. ಬೇರೆ ಯಾರೂ ಮುಟ್ಟುವಂತಿಲ್ಲವಲ್ಲ, ಒಲೆಯನ್ನು ಅವಳೇ ಹೊತ್ತು ಹಿಂದಿನ ಬಾಗಿಲಿನಿಂದ ಒಳಗಿಟ್ಟಳು. ಬೂದನ್ ಸಾಬರು ಬೆನ್ನು ತಿರುಗಿಸಿ ನಿಂತರು. ನಾನು ಕೆಳಗೆ ನಿಂತು, ಹುಷಾರು, ಹುಷಾರು ಎನ್ನುತ್ತಿದ್ದೆ.

“ಬೋಲ್ಟ್ ಹಾಕೋದಾ, ಹಾಗೇ ಬಿಡೋದಾ?” ಎಂದು ಸಾಬರು ಕೇಳಿದರು.

“ಹಾಕಿ. ನಾಲ್ಕೂ ಕಾಲಿಗೆ ಹಾಕಿ. ಬೋಲ್ಟ್ ಬಿಗಿದ್ರೆ ಅದು ವ್ಯಾನಿನ ಭಾಗ ಆಗುತ್ತೆ. ಆಮೇಲೆ ಒಲೇನ ಯಾರೂ ಹೊತ್ತ ಹಾಗಲ್ಲ. ವ್ಯಾನ್ ನಿಂತಲ್ಲಿ ಒಲೆ,” ಎಂದೆ ನಾನು.

“ಬೆಂಕಿ ಒಪ್ಪುತ್ತಾ?”

“ಅದು ನೋಡೋದು ಜಾಗಾನ. ಇವತ್ತು ಮಂಡಿಯ ಈ ಗೇಟು, ನಾಳೆ ಆ ಗೇಟು. ಏಳು ಹೆಜ್ಜೆ ಅಲ್ಲ, ಏಳು ನೂರು ಹೆಜ್ಜೆ ಆಯ್ತು.”

ಹಾಲಮ್ಮ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. “ಬ್ರೆಡ್ ವಾಸನೆ ಇನ್ನೂ ಹೋಗಿಲ್ಲ,” ಎಂದಳು. ಆಮೇಲೆ, “ಬಿಗೀರಿ ಸಾಬ್ರೇ. ಮತ್ತೆ ಎತ್ತೋ ಶಕ್ತಿ ನನಗಂತೂ ಇಲ್ಲ,” ಎಂದಳು. ನಟ್ಟುಗಳು ವ್ಯಾನಿನ ಹೊಟ್ಟೆಯ ಕೆಳಗೆ ಬಂದವು. ಸಾಬರು ಕೆಳಗೆ ತೂರಿ ಬಿಗಿದರು.

ಪಾಡ್ಯದ ದಿನ ಮಂಡಿಯ ಮೂಡಣ ಗೇಟಿನಲ್ಲಿ ವ್ಯಾನ್ ನಿಲ್ಲಿಸಿದೆ. ಹಾಲಮ್ಮ ಕಡ್ಡಿ ಗೀರಿದಳು, ಒಲೆ ಹತ್ತಿತು. ಅವಳು ಒಂದು ಡಬ್ಬಿಯ ಮೇಲೆ ಕೂತೇ ರೊಟ್ಟಿ ಬಡಿದಳು, ಕೂತೇ ಬೇಯಿಸಿದಳು, ನಾನು ಕಿಟಕಿಯಲ್ಲಿ ತಟ್ಟೆ ಕೊಟ್ಟೆ. ಹಮಾಲರು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಯೇ ಊಟಕ್ಕೆ ನಿಂತರು. “ಹಾಲಕ್ಕ, ಊಟ ಆದ್ಮೇಲೆ ಹಂಗೇ ನಮ್ಮೂರಿಗೆ ಬಿಟ್ಬಿಡು,” ಎಂದು ಸಿದ್ಲಿಂಗ ಎಂಬ ಹಮಾಲ ಕೂಗಿದ. “ನಿನ್ ತೂಕಕ್ಕೆ ಟೈರ್ ತಡೆಯಲ್ಲ, ನಡ್ಕೊಂಡ್ ಹೋಗು,” ಎಂದಳು ಅವಳು. ಅವಳು ತಮಾಷೆ ಮಾಡಿದ್ದನ್ನು ಕೇಳಿ ವರ್ಷವಾಗಿತ್ತು.

ಹತ್ತಿರದಲ್ಲೇ ಕೊಟ್ರಮ್ಮನವರ ಒಲೆ ಇತ್ತು. ಅರವತ್ತೆಂಟು ವರ್ಷ, ಮಂಡಿಯಲ್ಲಿ ಎಲ್ಲರಿಗಿಂತ ಹಿರಿಯರು. ಹಾಲಮ್ಮ ಈ ಕೆಲಸ ಕಲಿತದ್ದು ಅವರನ್ನು ನೋಡಿಯೇ. ಸೊಂಟದಿಂದ ಮೇಲೆ ಎಡಕ್ಕೆ ವಾಲಿಕೊಂಡೇ ನಡೆಯುತ್ತಾರೆ, ಒಲೆ ಇರಲಿ ಇಲ್ಲದಿರಲಿ. ಅವರು ಬಂದು ಕಿಟಕಿಯಲ್ಲಿ ಇಣುಕಿದರು.

“ಏನ್ ಹಾಲಿ, ರಾಣಿ ಹಂಗೆ ಕೂತ್ಬಿಟ್ಟೀಯಲ್ಲ! ಬ್ರೆಡ್ ಮಾರ್ತೀಯೋ, ರೊಟ್ಟಿ ಮಾರ್ತೀಯೋ?”

“ಬಾ ಕೊಟ್ರಕ್ಕ, ಒಳಗೆ ಬಂದು ನೀನೂ ಕೂತ್ಕೋ.”

“ಬ್ಯಾಡಮ್ಮ. ಒಂದ್ಸಲ ಕೂತ್ರೆ ನಾನು ಏಳಲ್ಲ,” ಎಂದು ಕೊಟ್ರಮ್ಮ ನಗುತ್ತ ತಮ್ಮ ಒಲೆಯ ಕಡೆ ಹೋದರು.

ಎರಡನೆಯ ದಿನ ವ್ಯಾನನ್ನು ಪಡುವಣ ಗೇಟಿಗೆ ಒಯ್ದು, ತೂಕದ ಕಟ್ಟೆಯ ಹತ್ತಿರ ನಿಲ್ಲಿಸಿದೆ. ಅಲ್ಲಿ ಆ ತಿಂಗಳು ಯಾರೂ ಒಲೆ ಹೂಡಿರಲಿಲ್ಲ, ನಾನೇ ಸುತ್ತ ನೋಡಿ ಬಂದಿದ್ದೆ. ಹಾಲಮ್ಮ ಕಡ್ಡಿ ಗೀರಿದಳು. ಒಲೆಯೊಳಗೆ ಹೋದ ಕೂಡಲೇ ಆರಿತು. ಇನ್ನೊಂದು ಗೀರಿದಳು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹಾಕಿ ಮತ್ತೊಂದು ಗೀರಿದಳು. ಬಟ್ಟೆ ತಣ್ಣಗೆ ಬಿದ್ದಿತ್ತು. ನಮ್ಮೂರಿನಲ್ಲಿ ಹುಟ್ಟಿದವರಿಗೆ ನಾಲ್ಕನೆಯ ಕಡ್ಡಿ ಬೇಕಾಗುವುದಿಲ್ಲ. ಬೆಂಕಿ ಗೇಟನ್ನು ನೋಡಿರಲಿಲ್ಲ, ಊರನ್ನು ನೋಡಿರಲಿಲ್ಲ. ಅದು ನೋಡಿದ್ದು ವ್ಯಾನಿನ ನೆಲವನ್ನು. ಅದರ ಲೆಕ್ಕದಲ್ಲಿ ಒಲೆ ನಿನ್ನೆ ಇದ್ದಲ್ಲೇ ಇತ್ತು, ಅದೂ ನಾಲ್ಕು ಬೋಲ್ಟ್ ಬಿಗಿಸಿಕೊಂಡು.

ಹೊರಗೆ ಹನ್ನೆರಡು ಜನ ನಿಂತಿದ್ದರು. “ಹಾಲಕ್ಕ, ಇನ್ನೂ ಹೊಗೇನೇ ಕಾಣ್ಲಿಲ್ಲ?” ಎಂದು ಸಿದ್ಲಿಂಗ ಕೇಳಿದ. ನಾನು ಕಿಟಕಿಯ ಬಾಗಿಲನ್ನು ಅರ್ಧ ಇಳಿಸಿ, ಸೌದೆ ಹಸಿ ಎಂದು ಸುಳ್ಳು ಹೇಳಿದೆ.

ಹಾಲಮ್ಮ ನನ್ನನ್ನು ಬಯ್ಯಲಿಲ್ಲ. “ಬೋಲ್ಟ್ ಬಿಚ್ಚಿ,” ಎಂದಳು, ಮೆಲ್ಲಗೆ.

“ಈ ವ್ಯಾನಿನ ಉದ್ದ ನಾಲ್ಕು ಹೆಜ್ಜೆನೂ ಇಲ್ಲ ಹಾಲಮ್ಮ. ಇದರೊಳಗೆ ಏಳು ಹೆಜ್ಜೆ ಎಲ್ಲಿಂದ ತರಲಿ?”

“ಕೆಳಗೆ ಇಳಿಸ್ತೀನಿ. ನೆಲದ ಮೇಲೆ ಹೂಡ್ತೀನಿ. ಬಿಚ್ಚಿ.”

ನಾನು ಸ್ಪ್ಯಾನರ್ ಹಿಡಿದು ವ್ಯಾನಿನ ಕೆಳಗೆ ತೂರಿದೆ. ಹಮಾಲರು ಬಗ್ಗಿ ನೋಡುತ್ತಿದ್ದರು, ಅವರ ಕಾಲುಗಳು ಮಾತ್ರ ನನಗೆ ಕಾಣುತ್ತಿದ್ದವು. ಸಾಬರು ಬಿಗಿದ ನಟ್ಟುಗಳು ಸುಲಭಕ್ಕೆ ಬಿಡಲಿಲ್ಲ. ಏಳು ತಿಂಗಳ ಕೆಲಸದಲ್ಲಿ ಅಷ್ಟು ಗಟ್ಟಿಯಾಗಿ ಕೂತದ್ದು ಅವೇ ನಾಲ್ಕು. ನಾಲ್ಕನೆಯದು ಬಿಟ್ಟಾಗ ಮೇಲಿನ ತಗಡಿನಲ್ಲಿ ಕರಕರ ಎಂದು ಒಲೆ ಎಳೆಯುವ ಸದ್ದು ಕೇಳಿತು. ಒಂದು ಎಳೆತ. ಎರಡನೆಯದಕ್ಕೆ ಸದ್ದು ಅರ್ಧಕ್ಕೆ ನಿಂತಿತು. ನಾನು ಹೊರಗೆ ಬಂದು ಹತ್ತಿ ನೋಡಿದರೆ ಹಾಲಮ್ಮ ಒಲೆಯ ಮೇಲೆ ಕೈಯೂರಿ ಬಾಗಿದ್ದಳು. ಸೊಂಟ ಹಿಡಿದುಬಿಟ್ಟಿತ್ತು. ಮುಖ ಬೆವೆತಿತ್ತು. ಬಾಗಿಲು ಇನ್ನೂ ನಾಲ್ಕು ಅಡಿ ದೂರ ಇತ್ತು. ನಾನು ಒಲೆಗೆ ಕೈ ಹಾಕಲು ಹೋದೆ. “ಮುಟ್ಬೇಡಿ,” ಎಂದಳು.

ಆಮೇಲೆ ಅಲ್ಲೇ ಕುಸಿದು ಕೂತಳು. ಕಡ್ಡಿಪೆಟ್ಟಿಗೆ ಅವಳ ಕೈಯಲ್ಲೇ ಇತ್ತು. ಯಾವ ಆಸೆಯಿಂದ ಕಡ್ಡಿ ಗೀರಿದೆ ಎಂದು ಆಮೇಲೆ ಅವಳನ್ನು ಕೇಳಿದ್ದೇನೆ. “ಆಸೆ ಎಲ್ಲಿಂದ ಬರ್ಬೇಕು? ಕೈ ಸುಮ್ನೆ ಇರ್ಲಿಲ್ಲ, ಗೀರಿದೆ,” ಎಂದಳು. ಕಡ್ಡಿಯನ್ನು ಒಲೆಯೊಳಗೆ ಎಸೆದಳು. ಬಟ್ಟೆ ಭಗ್ಗೆಂದಿತು.

ನಿನ್ನೆಯ ಜಾಗದಿಂದ ಒಲೆ ಒಂದು ಗೇಣು ಸರಿದಿತ್ತು, ಅಷ್ಟೇ. ನಾವಿಬ್ಬರೂ ಉರಿಯನ್ನು ನೋಡಿದೆವು, ನೆಲದ ಮೇಲಿನ ನಾಲ್ಕು ತೂತುಗಳನ್ನು ನೋಡಿದೆವು. ಹೊರಗೆ ಹಮಾಲರು ಹೊಗೆ ನೋಡಿ ಹೋ ಎಂದರು. ನಾನು ಕಿಟಕಿ ಎತ್ತಿದೆ. ಅವತ್ತು ಹಾಲಮ್ಮ ಎಂದಿಗಿಂತ ಹೆಚ್ಚು ರೊಟ್ಟಿ ಬಡಿದಳು.

ಆಮೇಲಿನ ದಿನಗಳಲ್ಲಿ ಬೆಳಕು ಹರಿಯುವ ಮುಂಚೆ, ಮನೆಯ ಮುಂದೆಯೇ ವ್ಯಾನಿನ ಬಾಗಿಲು ಮುಚ್ಚಿಕೊಂಡು ನೋಡುತ್ತಿದ್ದೆವು. ಹತ್ತಿದರೆ ಮಂಡಿಗೆ, ಇಲ್ಲದಿದ್ದರೆ ಇನ್ನಷ್ಟು ಸರಿಸುವುದು. ಮೂರನೆಯ ದಿನ ಹಾಲಮ್ಮ ಅರ್ಧ ಗೇಣು ಸರಿಸಿದಳು, ಹತ್ತಿತು. ಐದನೆಯ ದಿನ ನಾಲ್ಕು ಬೆರಳು ಸರಿಸಿದಾಗಲೂ ಹತ್ತಿತು. ಆರನೆಯ ದಿನ ಮೂರು ಬೆರಳಿಗೆ ಹತ್ತಲಿಲ್ಲ. ನಾಲ್ಕು ಮಾಡಿದಳು, ಹತ್ತಿತು. ಒಂಬತ್ತು ಅಡಿ ನೆಲದಲ್ಲಿ ದಿನಕ್ಕೆ ನಾಲ್ಕು ಬೆರಳಿನಂತೆ ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಆರಾಮವಾಗಿ ಸಾಗಬಹುದಿತ್ತು. ಅಂದರೆ ವ್ಯಾನನ್ನು ದಿನಕ್ಕೊಂದು ಗೇಟಿಗೆ ಒಯ್ಯುವ ಅಗತ್ಯವೂ ಇರಲಿಲ್ಲ. ಅಂದರೆ ವ್ಯಾನಿನ ಅಗತ್ಯವೇ ಇರಲಿಲ್ಲ. ಮಂಡಿಯಲ್ಲಿ ಒಂದು ಚಾಪೆಯಗಲದ ಜಾಗ ಇದ್ದಿದ್ದರೆ ಸಾಕಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳಿಗೆ ಏಳಲಾಗಲಿಲ್ಲ. ಗೋಡೆ ಹಿಡಿದು ವ್ಯಾನಿನವರೆಗೆ ಬಂದಳು, ಒಳಗೆ ಹತ್ತಿ ಡಬ್ಬಿಯ ಮೇಲೆ ಕೂತಳು, ಒಲೆಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಕೇಳಲಿಲ್ಲ. ಎರಡೂ ಕೈ ಹಾಕಿ ಒಲೆಯನ್ನು ನಾಲ್ಕು ಬೆರಳು ನೂಕಿದೆ. ಮೂವತ್ತೊಂದು ವರ್ಷದಲ್ಲಿ ನಾನು ಅದನ್ನು ಮುಟ್ಟಿದ್ದು ಅದೇ ಮೊದಲು. ಅವಳು ಬೇಡ ಎನ್ನಲಿಲ್ಲ. ಕಡ್ಡಿ ಗೀರಿ ಒಳಗೆ ಹಿಡಿದಳು. ಒಲೆ ಹತ್ತಿತು.

ಉರಿ ಎರಡೂ ಬಾಯಿಗೆ ಬರುವವರೆಗೆ ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು.

“ನೀವ್ ನೂಕಿದ್ರೂ ಹತ್ತುತ್ತೆ,” ಎಂದಳು.

“ಗೊತ್ತಿರ್ಲಿಲ್ಲ.”

“ನನಗೂ ಗೊತ್ತಿರ್ಲಿಲ್ಲ. ನನಗೆ ಹೊರೋ ಕೆಲಸ ಇತ್ತು, ಯೋಚನೆ ಮಾಡೋಕೆ ಪುರುಸೊತ್ತಿರ್ಲಿಲ್ಲ. ನಿಮಗೇನಿತ್ತು? ಮಧ್ಯಾಹ್ನಕ್ಕೇ ಬ್ರೆಡ್ ಹಾಕಿ ಬಂದು ಮಲಗ್ತಿದ್ರಲ್ಲ. ಒಂದ್ ದಿನ, ಒಂದೇ ದಿನ, ತಾ ನಾನೊಂದ್ ಸಲ ಎತ್ತಿ ನೋಡ್ತೀನಿ ಅನ್ನಬಾರ್ದಿತ್ತಾ?”

ಒಲೆ ಹತ್ತದಿದ್ದರೆ ಎಂಬ ಹೆದರಿಕೆ ನನಗೂ ಇತ್ತು ಎಂದು ಹೇಳಬಹುದಿತ್ತು. ಆದರೆ ಹೆದರಿಕೆಗಿಂತ ಹೆಚ್ಚಾಗಿ, ನನಗೆ ಅದು ಹೊಳೆದೇ ಇರಲಿಲ್ಲ. ಬೆಳಿಗ್ಗೆ ಅವಳು ಒಲೆ ಹೊತ್ತು ಹೊರಡುವುದು ಸೂರ್ಯ ಹುಟ್ಟುವ ಹಾಗೆ ಆಗಿಬಿಟ್ಟಿತ್ತು.

“ಮಂಡಿಯವರಿಗೆ ಹೇಳ್ಬೇಕಲ್ಲ,” ಎಂದೆ, ಬೇರೇನೂ ತೋಚದೆ.

“ಹೇಳೋಣ. ಇವತ್ತು ಬೇಡ,” ಎಂದಳು. “ಇವತ್ತೊಂದ್ ದಿನ ನಾನೊಬ್ಳೇ ಕೂತು ಸಿಟ್ಟು ಮಾಡ್ಕೋಬೇಕು. ನಾಳೆಯಿಂದ ಎಲ್ಲರೂ ಮಾಡ್ಕೋತಾರೆ, ನನ್ನ ಪಾಲಿಗೆ ಏನೂ ಉಳಿಯಲ್ಲ.”

ಅವತ್ತು ಮಂಡಿಯಲ್ಲಿ ಪಲ್ಯಕ್ಕೆ ಖಾರ ಹೆಚ್ಚಾಗಿತ್ತು. ಸಿದ್ಲಿಂಗ ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ, ನೀರು ಕುಡಿದು, ತಟ್ಟೆ ಇಟ್ಟು ಹೋದ. ಸಂಜೆ ವ್ಯಾನಿನಿಂದ ಇಳಿಯುವಾಗ ನಾನು ಕೈ ಕೊಟ್ಟೆ. ಹಿಡಿಯಲಿಲ್ಲ. ಬಾಗಿಲನ್ನು ಹಿಡಿದು ತಾನೇ ಇಳಿದಳು.

ಮರುದಿನ ದಶಮಿ. ವ್ಯಾನು ಮಂಡಿಯ ಗೇಟಿಗೆ ತಿರುಗುವಾಗ ಎದುರಿಗೆ ಕೊಟ್ರಮ್ಮ ಬರುತ್ತಿದ್ದರು. ಬಯಲಿನ ಹತ್ತಿರದ ಜಾಗಗಳೆಲ್ಲ ಅಷ್ಟರಲ್ಲಿ ಮುಗಿದಿದ್ದವು, ಎಲ್ಲರೂ ಗಿರಣಿಯ ಕಡೆ ಹೊರಟಿದ್ದರು. ಎಡ ಸೊಂಟದ ಮೇಲೆ ಒಲೆ, ಅದರ ಮೇಲೆ ಹೆಂಚು, ಬಲಗೈಯಲ್ಲಿ ಸೌದೆಯ ಕಟ್ಟು. ಹತ್ತು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಒಲೆಯನ್ನು ಕೆಳಗಿಟ್ಟರೆ ಮತ್ತೆ ಎತ್ತುವುದು ಕಷ್ಟವೆಂದು ಹೊತ್ತುಕೊಂಡೇ ಸುಧಾರಿಸಿಕೊಳ್ಳುತ್ತಿದ್ದರು.

“ನಿಲ್ಲಿಸಿ,” ಎಂದಳು ಹಾಲಮ್ಮ. ನಾನು ಬ್ರೇಕ್ ಒತ್ತಿದೆ. ಪೂರ್ತಿ ನಿಲ್ಲುವ ಮುಂಚೆಯೇ ಅವಳು ಬಾಗಿಲು ತೆಗೆದಿದ್ದಳು. ಕುಂಟುತ್ತ ಹೋಗಿ ಕೊಟ್ರಮ್ಮನವರ ಎದುರಿಗೆ ನಿಂತಳು.

“ಇಳಿಸು ಕೊಟ್ರಕ್ಕ.”

“ಏನೇ ಇದು? ದಾರಿ ಬಿಡು, ಹೊತ್ತಾಯ್ತು.”

“ಇಳಿಸು ಅಂದ್ನಲ್ಲ.”

“ಎಲ್ಲಿ ಇಳಿಸ್ಲೇ?” ಕೊಟ್ರಮ್ಮ ಸುತ್ತ ನೋಡಿದರು. ಗೇಟಿನ ಪಕ್ಕ ಎಲ್ಲಿ ನೋಡಿದರೂ ಆ ತಿಂಗಳ ಕಪ್ಪು ಕಲೆಗಳು, ಏಳೇಳು ಹೆಜ್ಜೆಗೆ ಒಂದೊಂದು. “ಇಲ್ಲಿ ಮೊನ್ನೆ ತಾನೇ ನಾಗಿ ಒಲೆ ಹೂಡಿದ್ಲು. ತಲೆ ನೆಟ್ಟಗಿದೆಯಾ ನಿನಗೆ?”

ಹಾಲಮ್ಮ ಒಂದು ಮಂಡಿಯೂರಿ, ನೋವಿಗೆ ಹಲ್ಲು ಕಚ್ಚಿ, ಕೆಳಗೆ ಕೂತಳು. ನಾಗಿಯ ಒಲೆಯ ಕಲೆಯ ಅಂಚಿಗೆ ತನ್ನ ನಾಲ್ಕು ಬೆರಳು ಒತ್ತಿ ಹಿಡಿದಳು. “ಇಷ್ಟು ಬಿಟ್ಟು ಇಡು. ಹತ್ತುತ್ತೆ. ನಾನು ನೋಡಿದೀನಿ.”

ಕೊಟ್ರಮ್ಮ ಆ ಕೈಯನ್ನು ನೋಡಿದರು. ಹಾಲಮ್ಮ ಸುಳ್ಳು ಹೇಳುವವಳಲ್ಲ ಎಂದು ಅವರಿಗೆ ಗೊತ್ತು. ನಂಬಿದ್ದು ಅವರ ಮುಖದಲ್ಲಿ ನನಗೆ ಕಾಣಿಸಿತು, ನಂಬಿದ ಮೇಲೆ ಬಾಯಿ ಒಂದು ಕಡೆಗೆ ಸೊಟ್ಟಗಾದದ್ದೂ ಕಾಣಿಸಿತು. ಆದರೆ ಒಲೆ ಕೆಳಗಿಳಿಯಲಿಲ್ಲ. ಇಳಿಸಲು ಕೈ ಬರಲಿಲ್ಲವೋ, ಬಾಗಲು ಸೊಂಟ ಬರಲಿಲ್ಲವೋ, ಅವರು ಹಾಗೇ ವಾಲಿಕೊಂಡು ನಿಂತಿದ್ದರು.

ಹಾಲಮ್ಮ ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಇಂಜಿನ್ ಆರಿಸಿ ಇಳಿದೆ. ಹೋಗಿ ಕೊಟ್ರಮ್ಮನವರ ಸೊಂಟದ ಮೇಲಿದ್ದ ಒಲೆಗೆ ಎರಡೂ ಕೈ ಹಾಕಿದೆ. “ಅಯ್ಯೋ, ನೀನ್ ಮುಟ್ಬ್ಯಾಡಪ್ಪ, ಹತ್ತಲ್ಲ ಆಮೇಲೆ,” ಎಂದರು ಅವರು, ಆದರೆ ಬಿಟ್ಟುಕೊಟ್ಟರು.

ವ್ಯಾನಿನಲ್ಲಿ ನಾನು ಒಲೆಯನ್ನು ನೂಕಿದ್ದೆ, ಎತ್ತಿರಲಿಲ್ಲ. ಅದು ಪೂರ್ತಿ ನನ್ನ ಕೈಗೆ ಬಂದಾಗ ಎರಡೂ ತೋಳು ಜಗ್ಗಿದವು, ನಾನು ಮುಗ್ಗರಿಸಿ ಒಂದು ಹೆಜ್ಜೆ ಮುಂದಿಟ್ಟೆ. ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.